ಸೂಜಿಯೆ, ಹನಿಯೆ, ಗುಳಿಗೆಯೆ?

ಎರಡು ವರ್ಷದ ಹಿಂದಿನ ಮಾತು. ಪದವಿಯ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ರೋಹಿತಮಾಪಕದ ಮುಂದೆ ನಿಂತು ಪಟ್ಟಕದ ಕೋನವನ್ನು ಅಳೆಯುತ್ತಿದ್ದನು. ವರ್ನಿಯರಿನ ಗೆರೆಗಳನ್ನು ಓದಲೆಂದು ಬಗ್ಗಿದಾಗಲೆಲ್ಲ ಸೀನು. ಒಂದು, ಎರಡು, ಮೂರು ಎಂದು ಎಣಿಸುತ್ತ ಹೋದ ನಾನು ಹನ್ನೊಂದಕ್ಕೆ ನಿಲ್ಲಿಸಿದೆ. ಅಷ್ಟರಲ್ಲಿ ದೂರದರ್ಶಕವು ಅಲುಗಿ, ಅವನು ತೆಗೆದುಕೊಂಡಿದ್ದ ಅಳತೆಗಳೆಲ್ಲ ಕೆಟ್ಟುಹೋಗಿದ್ದವು. “ನೆಗಡಿಯೇನಪ್ಪ?” ಎಂದು ಕೇಳಿದೆ. “ಇಲ್ಲ ಸರ್, ವರ್ಷದ ಹನ್ನೆರಡು ತಿಂಗಳೂ ಹೀಗೇ” ಎಂದನು.

ಆ ಸಂಜೆ ಅವನ ಕಥೆಯನ್ನು ಕೇಳಿ ತಿಳಿದುಕೊಂಡೆ. ಬೆಳಗ್ಗೆ ಏಳುತ್ತಲೇ ಸೀನು, ಮೂಗಿನಿಂದ ನೀರು, ಕಣ್ಣಿನಲ್ಲಿ ತುರಿಕೆ, ರಾತ್ರಿ ಮೂಗು ಕಟ್ಟಿಕೊಂಡು ಬಾಯಿಯಿಂದಲೇ ಉಸಿರಾಟ, ನಿದ್ದೆ ಅರ್ಧ. ಪಿ.ಯು. ಪರೀಕ್ಷೆಯ ದಿನ ಅಂಗಡಿಯಿಂದ ತಂದ ನೆಗಡಿ ಗುಳಿಗೆಯೊಂದನ್ನು ನುಂಗಿದ್ದನಂತೆ. ಸೀನೇನೋ ನಿಂತಿತು, ಆದರೆ ಪ್ರಶ್ನಪತ್ರಿಕೆಯ ಮೇಲೆಯೇ ತೂಕಡಿಸಿ, ಗಣಿತದಲ್ಲಿ ಎರಡು ಪ್ರಶ್ನೆಗಳನ್ನು ಮುಟ್ಟದೆ ಎದ್ದುಬಂದನು. ಈಗ ಅವನ ಮುಂದೆ ಮೂರು ಸಲಹೆಗಳಿದ್ದವು. ವೈದ್ಯರೊಬ್ಬರು ಚುಚ್ಚುಮದ್ದನ್ನು ಹೇಳಿದ್ದರು. ಸೋದರಮಾವ ನಾಲಗೆಯ ಕೆಳಗೆ ಬಿಟ್ಟುಕೊಳ್ಳುವ ಹನಿಯನ್ನು ಹೊಗಳಿದ್ದರು. ಪತ್ರಿಕೆಯಲ್ಲಿ ಹೊಸ ಗುಳಿಗೆಯೊಂದರ ಸುದ್ದಿ ಬಂದಿತ್ತು. ಯಾವುದನ್ನು ಹಿಡಿದರೂ ಮೂರು ವರ್ಷ ನಡೆಸಬೇಕು. ತಂದೆಯ ಕೈಯಲ್ಲಿ ಒಂದಕ್ಕೆ ಮಾತ್ರ ಹಣವಿದೆ. “ಯಾವುದು ಮೇಲು, ಸರ್?” ಎಂಬುದು ಅವನ ಪ್ರಶ್ನೆ.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ನಾನೂ ಸೀನುವವರ ಪಂಗಡಕ್ಕೆ ಸೇರಿದವನೇ. ಇದೇ ಚಿಕಿತ್ಸೆಯನ್ನು ಒಮ್ಮೆ ಕೈಗೊಂಡು ನಡುವೆಯೇ ಕೈಬಿಟ್ಟವನು. ಆದುದರಿಂದ ಆ ಹುಡುಗನ ಪ್ರಶ್ನೆ ನನ್ನದೂ ಆಗಿದ್ದಿತು. ಅದಕ್ಕೆ ಉತ್ತರವನ್ನು ಹುಡುಕುತ್ತ ನಾನು ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಒಗ್ಗದಿರುವುದೆಂದರೇನು?

“ನನಗೆ ಧೂಳು ಒಗ್ಗುವುದಿಲ್ಲ” ಎನ್ನುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಈ ಒಗ್ಗದಿರುವಿಕೆಗೆ ‘ಅಲರ್ಜಿ’ ಎಂಬ ಹೆಸರನ್ನು 1906ರಲ್ಲಿ ಕೊಟ್ಟವನು ವಿಯೆನ್ನಾ ನಗರದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಗುರುತಿಸಿ ಹೊಡೆದಟ್ಟುವ ರಕ್ಷಣಾ ವ್ಯವಸ್ಥೆಯೊಂದುಂಟು. ಪರಾಗ, ಧೂಳು ಮುಂತಾದ ನಿರುಪದ್ರವಿ ವಸ್ತುಗಳನ್ನೂ ಅದು ಶತ್ರುವೆಂದು ಭ್ರಮಿಸಿದರೆ ಅಲರ್ಜಿಯುಂಟಾಗುತ್ತದೆ.

ಈ ಭ್ರಮೆಯ ಹಿಂದಿರುವ ಪ್ರತಿಕಾಯವನ್ನು ಗುರುತಿಸಿದುದು ಬಹಳ ಈಚೆಗೆ. ಅಮೆರಿಕದಲ್ಲಿದ್ದ ಜಪಾನಿನ ಇಷಿಜಾಕ ದಂಪತಿಗಳೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನಿಚ್ ಎಂಬವರೂ 1966–67ರಲ್ಲಿ ಅದನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. 1968ರಲ್ಲಿ ಅದಕ್ಕೆ ‘ಐಜಿಇ’ ಎಂಬ ಹೆಸರು ಬಂದಿತು. ಮೂಗಿನ ಒಳಪೊರೆಯಲ್ಲಿ ಮಾಸ್ಟ್ ಕೋಶಗಳೆಂಬ ಜೀವಕೋಶಗಳಿವೆ. ಐಜಿಇ ಕಣಗಳು ಅವುಗಳ ಮೈಗೆ ಅಂಟಿಕೊಂಡು ಕಾಯುತ್ತಿರುತ್ತವೆ. ಒಗ್ಗದ ವಸ್ತು ಬಂದು ತಾಗಿದೊಡನೆ ಆ ಕೋಶವು ತನ್ನೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತದೆ. ಸೀನು, ತುರಿಕೆ, ನೀರು ಇವೆಲ್ಲ ಅದರ ಫಲ. ಅಂಗಡಿಯಲ್ಲಿ ಸಿಗುವ ಗುಳಿಗೆ ಈ ಹಿಸ್ಟಮಿನ್ನಿನ ಕೆಲಸವನ್ನು ಕೆಲವು ಗಂಟೆಗಳ ಕಾಲ ತಡೆಯುತ್ತದೆ, ಅಷ್ಟೆ. ಹಳೆಯ ಬಗೆಯ ಗುಳಿಗೆಗಳು ಮಿದುಳನ್ನೂ ಮುಟ್ಟಿ ತೂಕಡಿಕೆ ತರುತ್ತವೆ. ನಮ್ಮ ವಿದ್ಯಾರ್ಥಿಯ ಗಣಿತಕ್ಕೆ ಒದಗಿದ ಗತಿ ಇದೇ. ಹೊಸ ಗುಳಿಗೆಗಳಲ್ಲಿ ಈ ದೋಷ ಕಡಮೆ. ಮೂಗಿಗೆ ಸಿಂಪಡಿಸುವ ಸ್ಟೆರಾಯಿಡ್ ಔಷಧವೂ ಒಳ್ಳೆಯ ಉಪಶಮನ ಕೊಡುತ್ತದೆ. ಆದರೆ ಬಿಟ್ಟ ಕೆಲವು ದಿನಗಳಲ್ಲಿ ಎಲ್ಲವೂ ಮೊದಲಿನಂತೆಯೇ.

ಹಾಸಿಗೆಯಲ್ಲಿರುವ ಅತಿಥಿ

ಕೆಲವರ ಸೀನು ಹೂ ಬಿಡುವ ಕಾಲಕ್ಕೆ ಮಾತ್ರ ಸೀಮಿತ. ವರ್ಷವಿಡೀ ಸೀನುವವರಲ್ಲಿ ಬಹುಮಂದಿಯ ಶತ್ರು ಮನೆಯೊಳಗೇ ಇದೆ. 1964ರಲ್ಲಿ ಹಾಲೆಂಡಿನ ಲೈಡನ್ ನಗರದ ಫೂರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಎಂಬ ಸಂಶೋಧಕರು, ಮನೆಯ ಧೂಳು ಒಗ್ಗದಿರುವುದಕ್ಕೆ ಅದರಲ್ಲಿ ವಾಸಿಸುವ ನುಸಿಯೇ ಮುಖ್ಯ ಕಾರಣವೆಂದು ತೋರಿಸಿದರು. ನಮ್ಮ ತೆಂಗಿನಕಾಯಿಯನ್ನು ಕೆಡಿಸುವ ನುಸಿಯ ದೂರದ ಬಂಧು ಇದು. ಇದರ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಇದರ ಆಹಾರ. ಇದು ನೀರನ್ನು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಆದುದರಿಂದ ತೇವವುಳ್ಳ ಹಾಸಿಗೆ ದಿಂಬುಗಳು ಇದಕ್ಕೆ ಅರಮನೆ.

ನಮಗೆ ಒಗ್ಗದಿರುವುದು ನುಸಿಗಿಂತ ಹೆಚ್ಚಾಗಿ ಅದರ ಹಿಕ್ಕೆ. ಹಿಕ್ಕೆಯ ಕಣ ಸುಮಾರು 20 ಮೈಕ್ರಾನ್, ಎಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಕಾಲೇಜಿನ ವಿದ್ಯಾರ್ಥಿಗಳು ಸ್ಟೋಕ್ಸನ ನಿಯಮವನ್ನು ಇಲ್ಲಿ ಬಳಸಿ ನೋಡಬಹುದು. ಅಲುಗದ ಗಾಳಿಯಲ್ಲಿ ಇಂಥ ಕಣವು ಸೆಕೆಂಡಿಗೆ ಸುಮಾರು 1.2 ಸೆಂಟಿಮೀಟರ್ ವೇಗದಿಂದ ಇಳಿಯುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ನೆಲ ಸೇರಲು ಎರಡೇ ನಿಮಿಷ ಸಾಕು. ಬೆಕ್ಕಿನ ಮೈಯಿಂದ ಹೊರಡುವ ಕಣಗಳಲ್ಲಿ ಕೆಲವು 2 ಮೈಕ್ರಾನಿನಷ್ಟು ಸಣ್ಣವು. ವ್ಯಾಸ ಹತ್ತರಲ್ಲೊಂದಾದರೆ ಇಳಿಯುವ ವೇಗ ನೂರರಲ್ಲೊಂದಾಗುತ್ತದೆ. ಅವು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಬೆಕ್ಕು ಒಗ್ಗದವನು ಬೆಕ್ಕಿರುವ ಮನೆಯೊಳಗೆ ಕಾಲಿಟ್ಟೊಡನೆ ಸೀನುವುದೂ, ನುಸಿ ಒಗ್ಗದವನು ಹಾಸಿಗೆ ಕೊಡಹಿದಾಗ ಸೀನುವುದೂ ಈ ಲೆಕ್ಕದಿಂದ ಅರ್ಥವಾಗುತ್ತವೆ.

ನುಸಿಯೊಂದೇ ಕಾರಣವೆಂದು ತಿಳಿಯಬಾರದು. ನಮ್ಮ ರಸ್ತೆಬದಿಗಳಲ್ಲಿ ‘ಕಾಂಗ್ರೆಸ್ ಗಿಡ’ವೆಂದು ಹೆಸರಾದ ಪಾರ್ಥೀನಿಯಂ ಕಳೆಯ ಪರಾಗವೂ ಮೂಗಿನ ಅಲರ್ಜಿಯನ್ನು ತರುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಯಾರಿಗೆ ಯಾವುದು ಒಗ್ಗದೆಂಬುದನ್ನು ಚರ್ಮಪರೀಕ್ಷೆಯಿಂದಲೋ ರಕ್ತಪರೀಕ್ಷೆಯಿಂದಲೋ ಮೊದಲು ಗೊತ್ತುಮಾಡಬೇಕು. ಪರೀಕ್ಷೆಯ ಫಲವು ರೋಗಿಯ ಅನುಭವಕ್ಕೂ ಹೊಂದಬೇಕು. ಇದಿಲ್ಲದೆ ಆರಂಭಿಸಿದ ಚಿಕಿತ್ಸೆ ಬೇರೆ ಬೀಗಕ್ಕೆ ಬೇರೆ ಕೀಲಿಕೈಯನ್ನು ತಿರುಗಿಸಿದಂತೆ.

ತಪ್ಪು ಊಹೆ, ಸರಿಯಾದ ಮದ್ದು

ಒಗ್ಗದ ವಸ್ತುವನ್ನೇ ಬಹಳ ಸಣ್ಣ ಪ್ರಮಾಣದಲ್ಲಿ ಕೊಡುತ್ತ, ದೇಹವನ್ನು ಅದಕ್ಕೆ ಒಗ್ಗಿಸಿಬಿಟ್ಟರೆ ಹೇಗೆ? ವೈದ್ಯರು ಇಮ್ಯುನೊಥೆರಪಿ ಎಂದು ಕರೆಯುವ ಈ ವಿಧಾನವನ್ನು ನಾವು ‘ಒಗ್ಗಿಸುವ ಚಿಕಿತ್ಸೆ’ ಎನ್ನೋಣ. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲೆನಾರ್ಡ್ ನೂನ್ ಎಂಬ ಯುವಕನು 1911ರಲ್ಲಿ ಇದನ್ನು ಪ್ರಕಟಿಸಿದನು. ಹುಲ್ಲಿನ ಪರಾಗದಲ್ಲಿ ವಿಷವಿದೆಯೆಂದೂ, ಅದರ ಸಾರವನ್ನು ಚುಚ್ಚಿದರೆ ದೇಹವು ಪ್ರತಿವಿಷವನ್ನು ತಯಾರಿಸುವುದೆಂದೂ ಅವನ ಊಹೆ. ಪರಾಗದಲ್ಲಿ ಅಂಥ ವಿಷವೇನೂ ಇಲ್ಲ, ಊಹೆ ತಪ್ಪು. ಆದರೆ ನೂನನು ಅಳತೆಯಲ್ಲಿ ಕಟ್ಟುನಿಟ್ಟಿನ ಮನುಷ್ಯ. ರೋಗಿಯ ಕಣ್ಣಿಗೆ ಪರಾಗದ ಸಾರವನ್ನು ಹನಿಸಿ, ಎಷ್ಟು ಸಾಂದ್ರತೆಗೆ ಕಣ್ಣು ಕೆಂಪಾಗುವುದೆಂದು ಅಳೆದನು. ಚುಚ್ಚುಮದ್ದುಗಳ ತರುವಾಯ ಅದೇ ಕಣ್ಣನ್ನು ಕೆಂಪಾಗಿಸಲು ಮೊದಲಿಗಿಂತ ಸಾಂದ್ರವಾದ ಸಾರ ಬೇಕಾಯಿತು. ದೇಹ ಒಗ್ಗುತ್ತಿತ್ತು! ನೂನನು 1913ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಜಾನ್ ಫ್ರೀಮನ್ ಎಂಬ ಸಹೋದ್ಯೋಗಿ ಕೆಲಸವನ್ನು ಮುಂದುವರಿಸಿದನು.

ಇದು ಹೇಗೆ ಫಲಿಸುತ್ತದೆಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ಅಲ್ಪಪ್ರಮಾಣದಲ್ಲಿ ಮತ್ತೆ ಮತ್ತೆ ಬರುವ ವಸ್ತುವನ್ನು ಕಂಡು, ರಕ್ಷಣಾ ವ್ಯವಸ್ಥೆಯಲ್ಲಿ ಶಮನಕಾರಿಯಾದ ಕೆಲವು ಕೋಶಗಳು ಬಲಗೊಳ್ಳುತ್ತವೆ. ‘ಐಜಿಜಿ-4’ ಎಂಬ ಬೇರೊಂದು ಪ್ರತಿಕಾಯವು ಹೆಚ್ಚಿ, ಒಗ್ಗದ ವಸ್ತು ಮಾಸ್ಟ್ ಕೋಶವನ್ನು ತಲಪುವ ಮೊದಲೇ ಅದನ್ನು ಹಿಡಿದುಕೊಳ್ಳುತ್ತದೆ. ಈ ಬದಲಾವಣೆ ನೆಲೆಗೊಳ್ಳಲು ವರ್ಷಗಳು ಬೇಕು. ಆದರೆ ನೆಲೆಗೊಂಡರೆ ಮದ್ದನ್ನು ನಿಲ್ಲಿಸಿದ ಮೇಲೂ ಅದು ಉಳಿಯುತ್ತದೆ. ಮಿಕ್ಕ ಔಷಧಗಳಿಗಿಲ್ಲದ ಗುಣವೆಂದರೆ ಇದೇ.

ಮೂರು ಹಾದಿಗಳು

ಮೊದಲನೆಯದು ನೂನನ ಹಾದಿ. ತೋಳಿನ ಚರ್ಮದ ಕೆಳಗೆ ಚುಚ್ಚುಮದ್ದು. ಆರಂಭದ ಕೆಲವು ತಿಂಗಳು ವಾರಕ್ಕೊಮ್ಮೆ, ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾರೆ. ಬಳಿಕ ತಿಂಗಳಿಗೊಮ್ಮೆಯಂತೆ 3ರಿಂದ 5 ವರ್ಷ. ಪೂರ್ಣ ಪ್ರಮಾಣದಲ್ಲಿಯೂ ಒಂದು ಚುಚ್ಚುಮದ್ದಿನಲ್ಲಿರುವ ಮುಖ್ಯ ವಸ್ತು ಕೆಲವೇ ಮೈಕ್ರೊಗ್ರಾಂ. ಶತಮಾನಕ್ಕೂ ಮೀರಿದ ಅನುಭವ ಇದರ ಬೆನ್ನಿಗಿದೆ. 1954ರಲ್ಲಿ ವಿಲಿಯಂ ಫ್ರಾಂಕ್‌ಲಂಡ್ ಮತ್ತು ರೋಸಾ ಆಗಸ್ಟಿನ್ ಎಂಬವರು ನಿಜವಾದ ಮದ್ದನ್ನೂ ಹುಸಿಮದ್ದನ್ನೂ ಹೋಲಿಸಿ, ಹುಲ್ಲಿನ ಪರಾಗದ ಅಲರ್ಜಿಯಲ್ಲಿ ಇದರ ಫಲವನ್ನು ಸ್ಥಿರಪಡಿಸಿದರು.

ಆದರೆ ಈ ಹಾದಿಯಲ್ಲಿ ಒಂದು ಅಪಾಯವುಂಟು. ಒಗ್ಗದ ವಸ್ತುವನ್ನು ಮೈಯೊಳಗೆ ಕಳಿಸಿದಾಗ ಅಪರೂಪಕ್ಕೆ ಇಡೀ ದೇಹವೇ ಕೆರಳಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯಬಹುದು. 1957ರಿಂದ 26 ಮಂದಿ ಹೀಗೆ ಸತ್ತರೆಂದು 1986ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಪ್ರಕಟಿಸಿತು. ಆ ದೇಶದಲ್ಲಿ ಸಾಮಾನ್ಯ ವೈದ್ಯರು ಚುಚ್ಚುವುದು ಅಲ್ಲಿಗೆ ಬಹುಮಟ್ಟಿಗೆ ನಿಂತಿತು. ಅಮೆರಿಕದಲ್ಲಿ 1990ರಿಂದ 2001ರವರೆಗಿನ ಲೆಕ್ಕದಂತೆ ಸುಮಾರು 25 ಲಕ್ಷ ಚುಚ್ಚುಮದ್ದುಗಳಿಗೆ ಒಂದು ಸಾವು. ಅಪಾಯ ಬಹಳ ಸಣ್ಣದು, ಆದರೂ ಸೊನ್ನೆಯಲ್ಲ. ಹತೋಟಿಗೆ ಬಾರದ ಉಬ್ಬಸವಿದ್ದವರಿಗೆ ಅಪಾಯ ಹೆಚ್ಚು. ಈ ಕಾರಣದಿಂದಲೇ ಚುಚ್ಚಿಸಿಕೊಂಡವರು ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು, ಅಡ್ರಿನಲಿನ್ ವೈದ್ಯರ ಕೈಗೆಟಕುವಂತಿರಬೇಕು ಎಂಬ ನಿಯಮ. ಮನೆಯಲ್ಲಿ ಚುಚ್ಚಿಕೊಳ್ಳುವುದು ಕೂಡದು.

ಎರಡನೆಯದು ಹನಿ. ಅದೇ 1986ರಲ್ಲಿ ಗ್ಲೆನಿಸ್ ಸ್ಕ್ಯಾಡಿಂಗ್ ಮತ್ತು ಜಾನಥನ್ ಬ್ರೊಸ್ಟಾಫ್ ಎಂಬ ವೈದ್ಯರು, ನುಸಿಯ ಸಾರವನ್ನು ನಾಲಗೆಯ ಕೆಳಗೆ ಇರಿಸಿದರೂ ಮೂಗಿಗೆ ಗುಣವುಂಟೆಂದು ಹುಸಿಮದ್ದಿನೊಡನೆ ಹೋಲಿಸಿ ವರದಿಮಾಡಿದರು. ಬಾಯಿ ಎಂಬುದು ಅನ್ನ, ಬೇಳೆ, ಹಣ್ಣು ಮುಂತಾದ ನೂರಾರು ಪರವಸ್ತುಗಳನ್ನು ದಿನವೂ ಸಹಿಸಿಕೊಂಡು ರೂಢಿಯಾದ ತಾಣ. ದೇಹವನ್ನು ಒಗ್ಗಿಸಲು ಇದಕ್ಕಿಂತ ಸೌಮ್ಯವಾದ ಬಾಗಿಲು ಇಲ್ಲ. ಆದರೆ ಇಲ್ಲಿ ದಿನವೂ ಮದ್ದು ಬೇಕು. ಒಟ್ಟು ಪ್ರಮಾಣವೂ ಚುಚ್ಚುಮದ್ದಿಗಿಂತ ಹಲವು ಪಾಲು ಹೆಚ್ಚು ಬೇಕು. ಹನಿಗಳ ಕೊರತೆಯಿರುವುದು ಇಲ್ಲಿಯೇ. ತಯಾರಕರಿಂದ ತಯಾರಕರಿಗೆ ಸತ್ವ ಬೇರೆ. ಹತ್ತಾರು ವಸ್ತುಗಳನ್ನು ಒಂದೇ ಸೀಸೆಯಲ್ಲಿ ಬೆರೆಸಿದರೆ ಪ್ರತಿಯೊಂದರ ಪಾಲೂ ತೆಳ್ಳಗಾಗುತ್ತದೆ. ಒಂದು ಹನಿಯಲ್ಲಿ ನುಸಿಯ ಅಂಶವೆಷ್ಟು ಎಂಬ ಪ್ರಶ್ನೆಯನ್ನು ರೋಗಿ ಕೇಳಲೇಬೇಕು.

ಮೂರನೆಯದು ಗುಳಿಗೆ. ಇದನ್ನೂ ನಾಲಗೆಯ ಕೆಳಗೇ ಇಟ್ಟು ಕರಗಿಸಿಕೊಳ್ಳಬೇಕು. ಪ್ರತಿಯೊಂದು ಗುಳಿಗೆಯಲ್ಲಿಯೂ ನಿಗದಿಯಾದ ಸತ್ವವಿರುವುದರಿಂದ ಹನಿಯ ಕೊರತೆ ಇದಕ್ಕಿಲ್ಲ. ನುಸಿಯ ಗುಳಿಗೆಗೆ 2015ರಲ್ಲಿ ಜಪಾನಿನಲ್ಲಿಯೂ ಯೂರೋಪಿನಲ್ಲಿಯೂ ಅನುಮತಿ ದೊರೆಯಿತು. ಅಮೆರಿಕದಲ್ಲಿ 2017ರಲ್ಲಿ ವಯಸ್ಕರಿಗೆ, 2023ರಲ್ಲಿ 12 ವರ್ಷ ದಾಟಿದವರಿಗೂ ದೊರೆಯಿತು. ಹನಿ, ಗುಳಿಗೆ ಎರಡರಲ್ಲಿಯೂ ಮೊದಮೊದಲು ಬಾಯಿ ಗಂಟಲುಗಳಲ್ಲಿ ತುರಿಕೆ, ತುಸು ಬಾವು ಸಾಮಾನ್ಯ. ಇಡೀ ದೇಹ ಕೆರಳುವುದು ತೀರ ವಿರಳ. ಗುಳಿಗೆಯ ಮೊದಲ ದಿನದ ಪ್ರಮಾಣವನ್ನು ವೈದ್ಯರ ಎದುರಿನಲ್ಲಿಯೇ ತೆಗೆದುಕೊಂಡು ಅರ್ಧ ಗಂಟೆ ಕಾಯಬೇಕು, ಆಮೇಲೆ ಮನೆಯಲ್ಲಿ.

ತಕ್ಕಡಿಯಲ್ಲಿಟ್ಟರೆ

ಇವುಗಳ ಶಕ್ತಿಯೆಷ್ಟು? ನುಸಿಯ ಗುಳಿಗೆಯನ್ನು ಉತ್ತರ ಅಮೆರಿಕದಲ್ಲಿ 1482 ಮಂದಿಯ ಮೇಲೆ ಪರೀಕ್ಷಿಸಿದ ಫಲ 2016ರಲ್ಲಿ ಪ್ರಕಟವಾಯಿತು. ಹುಸಿಗುಳಿಗೆ ತೆಗೆದುಕೊಂಡವರಿಗಿಂತ ನಿಜವಾದ ಗುಳಿಗೆ ತೆಗೆದುಕೊಂಡವರ ತೊಂದರೆ 17 ಶೇಕಡ ಕಡಮೆ. ಇಷ್ಟೇನೆ ಎಂದು ವಾಚಕರು ನಿರಾಶರಾಗಬೇಕಾಗಿಲ್ಲ. ಹುಸಿಗುಳಿಗೆ ಪಡೆದವರಿಗೂ ಬೇಕೆನಿಸಿದಾಗ ಮಾಮೂಲು ಔಷಧಗಳು ದೊರೆಯುತ್ತಿದ್ದವು. ಮದ್ದು ಸಿಕ್ಕಿತೆಂಬ ನಂಬಿಕೆಯಿಂದಲೂ ತೊಂದರೆ ತುಸು ಇಳಿಯುತ್ತದೆ. ಆ ಇಳಿಕೆಯೆಲ್ಲ ಆದಮೇಲೆ ಉಳಿದ ವ್ಯತ್ಯಾಸವೇ ಈ 17 ಶೇಕಡ. ಚುಚ್ಚುಮದ್ದು ಬಾಯಿಯ ಮದ್ದಿಗಿಂತ ಸ್ವಲ್ಪ ಬಲವಾದುದೆಂದು ಹಲವು ಹೋಲಿಕೆಗಳು ಸೂಚಿಸುತ್ತವೆ. ಆದರೆ ವ್ಯತ್ಯಾಸ ಅಗಾಧವಾದುದಲ್ಲ. ಯಾವುದೂ ಒಂದೆರಡು ವಾರಗಳಲ್ಲಿ ಫಲ ಕೊಡುವುದಿಲ್ಲ. ಯಾವುದೂ ಎಲ್ಲರಿಗೂ ಫಲಿಸುವುದಿಲ್ಲ.

ಹಾಗಾದರೆ ನಿಜವಾದ ವ್ಯತ್ಯಾಸವೆಲ್ಲಿದೆ? ಕಾಲದಲ್ಲಿ. 1999ರಲ್ಲಿ ಸ್ಟೀಫನ್ ಡರಮ್ ಮತ್ತು ಸಂಗಡಿಗರು, ಪರಾಗದ ಚುಚ್ಚುಮದ್ದನ್ನು 3–4 ವರ್ಷ ಪಡೆದವರಲ್ಲಿ, ನಿಲ್ಲಿಸಿ 3 ವರ್ಷ ಕಳೆದರೂ ಗುಣವು ಉಳಿದಿದ್ದಿತೆಂದು ತೋರಿಸಿದರು. ಪರಾಗದ ಗುಳಿಗೆಯನ್ನು ಎರಡೇ ವರ್ಷ ಕೊಟ್ಟು ನಿಲ್ಲಿಸಿದ ಪರೀಕ್ಷೆಯೊಂದರ ಫಲ 2017ರಲ್ಲಿ ಬಂದಿತು. ಮದ್ದು ನಡೆಯುತ್ತಿದ್ದಾಗ ಗುಣವಿದ್ದಿತು. ನಿಲ್ಲಿಸಿ ಒಂದು ವರ್ಷವಾದಾಗ ಹುಸಿಗುಳಿಗೆಗೂ ಅದಕ್ಕೂ ಭೇದ ಕಾಣಲಿಲ್ಲ. ಎರಡು ವರ್ಷದ ಶ್ರಮ, ಎರಡು ವರ್ಷದ ಹಣ ವ್ಯರ್ಥ! ಅಂತೂ ಮೂರು ವರ್ಷವೆಂಬುದು ದಾಟಲೇಬೇಕಾದ ಹೊಳೆ. ನಡುನೀರಿನಲ್ಲಿ ಹಿಂದಿರುಗಿದವನ ಬಟ್ಟೆ ನೆನೆಯುತ್ತದೆ, ದಡ ಮಾತ್ರ ಸಿಗುವುದಿಲ್ಲ.

ಹೊಳೆಯನ್ನು ದಾಟುವವರೆಷ್ಟು ಮಂದಿ? ಹಾಲೆಂಡಿನಲ್ಲಿ ಔಷಧದ ಅಂಗಡಿಗಳ ದಾಖಲೆಗಳಿಂದ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ತೆಗೆದು 2013ರಲ್ಲಿ ಪ್ರಕಟಿಸಿದರು. ಮೂರು ವರ್ಷ ಪೂರೈಸಿದವರು ಚುಚ್ಚುಮದ್ದಿನಲ್ಲಿ ನೂರಕ್ಕೆ 23. ಬಾಯಿಯ ಮದ್ದಿನಲ್ಲಿ ನೂರಕ್ಕೆ 7. ಈ ಅಂಕಿಗಳನ್ನು ಓದಿದಾಗ ನಾನು ನಾಚಿದೆ. ನಾನು ಹನಿಯನ್ನು ಬಿಟ್ಟುದು ಎಂಟನೆಯ ತಿಂಗಳಲ್ಲಿ. ಅಡ್ಡಪರಿಣಾಮವೇನೂ ಆಗಿರಲಿಲ್ಲ. ಒಂದು ಮದುವೆಗೆಂದು ಊರಿಗೆ ಹೋದವನು ಸೀಸೆಯನ್ನು ಮರೆತೆ. ಹಿಂದಿರುಗಿದ ಮೇಲೆ ಮೌಲ್ಯಮಾಪನದ ಗಡಿಬಿಡಿ. ಹೇಗೂ ಸೀನು ಕಡಮೆಯಾಗಿದೆಯಲ್ಲ ಎಂಬ ಧೈರ್ಯ. ಸೀಸೆಯು ಅವಧಿ ಮುಗಿಯುವವರೆಗೂ ಶೀತಕಪೆಟ್ಟಿಗೆಯಲ್ಲಿಯೇ ಕುಳಿತಿತ್ತು. ಮರುವರ್ಷ ಸೀನು ಮೊದಲಿನಂತೆಯೇ ಮರಳಿತು.

ಮನೆಯ ಮದ್ದು ಸುರಕ್ಷಿತ, ಸುಲಭ. ಆದರೆ ಅದನ್ನು ದಿನವೂ ನೆನಪಿಡುವ ಹೊಣೆ ರೋಗಿಯದೇ. ಚುಚ್ಚುಮದ್ದಿಗೆ ಹೋಗಿಬರುವ ತೊಂದರೆಯುಂಟು, ಸಣ್ಣ ಅಪಾಯವುಂಟು. ಆದರೆ ಅಲ್ಲಿ ತಾರೀಖನ್ನು ಬರೆದಿಟ್ಟುಕೊಂಡು ಕಾಯುವವರು ಬೇರೊಬ್ಬರಿದ್ದಾರೆ.

ವಿದ್ಯಾರ್ಥಿಯ ತೀರ್ಮಾನ

ಇಷ್ಟನ್ನೂ ನಾನು ಆ ವಿದ್ಯಾರ್ಥಿಯ ಮುಂದಿಟ್ಟೆ. “ಯಾವುದು ಮೇಲು ಎಂದು ಕೇಳಬೇಡಪ್ಪ; ಯಾವುದನ್ನು ನೀನು ಮೂರು ವರ್ಷ ಬಿಡದೆ ನಡೆಸಬಲ್ಲೆ ಎಂದು ನಿನ್ನನ್ನೇ ಕೇಳಿಕೊ. ಮಿಕ್ಕುದನ್ನು ವೈದ್ಯರು ಹೇಳಲಿ” ಎಂದೆ. ಅವನ ಚರ್ಮಪರೀಕ್ಷೆಯಲ್ಲಿ ನುಸಿ ಸ್ಪಷ್ಟವಾಗಿ ಕಂಡಿತ್ತು, ಉಬ್ಬಸ ಇರಲಿಲ್ಲ. ಅವನು ಹನಿಯನ್ನು ಆರಿಸಿಕೊಳ್ಳುವನೆಂದು ನಾನು ಎಣಿಸಿದ್ದೆ. ಎರಡು ದಿನ ಯೋಚಿಸಿ ಬಂದು, “ಚುಚ್ಚುಮದ್ದೇ ಸರ್” ಎಂದನು. “ಹಾಸ್ಟೆಲಿನಲ್ಲಿ ನನಗೆ ಊಟದ ಹೊತ್ತೇ ನೆನಪಿರುವುದಿಲ್ಲ. ಡಾಕ್ಟರ ಮನೆ ನಡೆದುಹೋಗುವಷ್ಟು ಹತ್ತಿರ. ಹೋಗದಿದ್ದರೆ ಅವರೇ ಫೋನು ಮಾಡುತ್ತಾರಂತೆ.” ಅವನ ಲೆಕ್ಕ ನನ್ನದಕ್ಕಿಂತ ಚೊಕ್ಕವಾಗಿತ್ತು. ಅವನ ಮನೆ ಹಳ್ಳಿಯಲ್ಲಿಯೇ ಇದ್ದು, ಪಟ್ಟಣಕ್ಕೆ ಬಸ್ಸಿನಲ್ಲಿ ಬರಬೇಕಾಗಿದ್ದು, ಬೆಳಗ್ಗೆ ನೆನಪಿಸುವ ತಾಯಿ ಜೊತೆಯಲ್ಲಿದ್ದಿದ್ದರೆ ಅದೇ ಲೆಕ್ಕಕ್ಕೆ ಬೇರೆ ಉತ್ತರ ಬರುತ್ತಿತ್ತು.

ಅವನೀಗ ಮೂರನೆಯ ವರ್ಷದಲ್ಲಿದ್ದಾನೆ. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರಡುತ್ತಾನೆ. ತಿಂಗಳಿಗೊಮ್ಮೆ ಚುಚ್ಚಿಸಿಕೊಂಡು, ಆ ಅರ್ಧ ಗಂಟೆಯನ್ನು ಪಾಠ ಓದುವುದರಲ್ಲಿ ಕಳೆಯುತ್ತಾನೆ. ಸೀನು ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಇಂದಿಗೂ ಒಂದೊಂದು ಬೆಳಗ್ಗೆ ಕಾಡುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತಿದೆ, ನೆಗಡಿ ಗುಳಿಗೆಯಿಲ್ಲದೆ ಪರೀಕ್ಷೆ ಬರೆಯುತ್ತಿದ್ದಾನೆ. ಮೂರು ವರ್ಷ ತುಂಬಲು ಇನ್ನೂ ಒಂದು ವರ್ಷ ಉಳಿದಿದೆ; ಪದವಿ ಮುಗಿಸಿ ಬೇರೆ ಊರಿಗೆ ಹೋದರೆ ಅಲ್ಲಿ ಯಾರ ಬಳಿ ಚುಚ್ಚಿಸಿಕೊಳ್ಳುವುದೆಂದು ಈಗಲೇ ವಿಚಾರಿಸುತ್ತಿದ್ದಾನೆ. ನಾನೂ ಕಳೆದ ತಿಂಗಳು ಅದೇ ವೈದ್ಯರಲ್ಲಿಗೆ ಹೋಗಿ ಹೆಸರು ಬರೆಸಿ ಬಂದೆ. ಈ ಸಲ ಹನಿಯಲ್ಲ.